ಶ್ಯಾಮಲ ತಿಪ್ಪೆ ಹಸನು ಮಾಡಿದ್ದು

ಶ್ಯಾಮಲಳ ಟೈಲರಿಂಗ್ ಅಂಗಡಿ ರಾಬರ್ಟ್‌ಸನ್‌ಪೇಟೆಯ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿದೆ. ಅಳತೆ ತೆಗೆಯುವಾಗ ತಮಿಳು, ಹೊಗಳುವಾಗ ತೆಲುಗು, ಜಗಳಕ್ಕೆ ನಿಂತರೆ ಅಪ್ಪಟ ಕನ್ನಡ ಆಡುವ ಹೆಂಗಸು ಅವಳು. ಮನೆ ಇರುವುದು ಬಂಗಾರಪೇಟೆ ಹತ್ತಿರದ ಹಳ್ಳಿಯಲ್ಲಿ. ಗಂಡ ಮುನೇಶ್ ಬೆಳಗಿನ ರೈಲಿಗೆ ಬೆಂಗಳೂರಿನ ಕಾರ್ಖಾನೆಗೆ ಹೋಗಿ ಸಂಜೆ ವಾಪಸಾಗುತ್ತಾನೆ. ಮಾವ ಕದಿರಪ್ಪ ಮತ್ತು ಮೈದುನ ಮುನಿರಾಜು ಹೊಲ, ಹಸು ನೋಡಿಕೊಳ್ಳುತ್ತಾರೆ. ಅತ್ತೆ ವೆಂಕಟರತ್ನಮ್ಮ ಡೈರಿಗೆ ಹಾಲು ಹಾಕಿ ಬರುತ್ತಾರೆ. ಮುನಿರಾಜುವಿನ ಹೆಂಡತಿ ರೂಪ ಅಡಿಗೆಮನೆಯ ಯಜಮಾನಿ.

ಒಂದು ಮಳೆಗಾಲದಲ್ಲಿ ಅಂಗಡಿ ಹಿಂದಿನ ಚರಂಡಿ ಕಟ್ಟಿಕೊಂಡು ನೀರು ಒಳಗೆ ನುಗ್ಗಿತು. ಹೊಲಿದು ಮಡಿಸಿಟ್ಟ ಬ್ಲೌಸುಗಳೆಲ್ಲ ಕೆಸರಾದವು. ಚರಂಡಿಗೆ ಕೈ ಹಾಕಿ ಎಳೆದರೆ ಬರೀ ಪ್ಲಾಸ್ಟಿಕ್ ಕವರುಗಳು. ಅವತ್ತು ಸಂಜೆ ಬಸ್ಸಿಳಿದು ಮನೆಗೆ ಬಂದ ಶ್ಯಾಮಲ ಕೈಕಾಲು ತೊಳೆಯುವುದಕ್ಕೂ ಮೊದಲೇ, "ಇನ್ನು ಈ ಮನೇಗೆ ಕವರ್ ಬರಂಗಿಲ್ಲ" ಎಂದು ಸಾರಿದಳು.

ಯಾರೂ ಎದುರು ಮಾತಾಡಲಿಲ್ಲ. ಯಾರೂ ಕೇಳಲೂ ಇಲ್ಲ.

ಮುನಿರಾಜು ಮಾರನೆಯ ದಿನವೇ ಟೊಮೇಟೊ, ಕೊತ್ತಂಬರಿ, ಮೀನು ಮೂರನ್ನೂ ಬೇರೆಬೇರೆ ಕವರಿನಲ್ಲಿ ಬೈಕಿಗೆ ತೂಗುಹಾಕಿಕೊಂಡು ಬಂದ. "ಅತ್ತಿಗೆ, ಮೀನನ್ನ ಜೇಬಲ್ಲಿ ಇಕ್ಕೊಂಡ್ ಬರ್ಲಾ?" ಎಂದು ನಕ್ಕ. ಕದಿರಪ್ಪ ಎಂದಿನಂತೆ ನಸುಕಿನಲ್ಲಿ ಬಚ್ಚಲ ಒಲೆಗೆ ಬೂಸದ ಪ್ಲಾಸ್ಟಿಕ್ ಚೀಲದ ತುಂಡು ತುರುಕಿ ಕಡ್ಡಿ ಗೀರಿದರು. ಕಪ್ಪು ಹೊಗೆ ತೆಂಗಿನ ಮರದೆತ್ತರ ಎದ್ದಿತು.

"ಮಾವ, ಆ ವಾಸನೆ ನಿಮ್ಗೆ ಒಡಿಯಲ್ವಾ?"

"ನಲವತ್ತೊರ್ಸದಿಂದ ಈ ಒಲೆ ಅಚ್ಚತಾ ಇವ್ನಿ ಕಣಮ್ಮ. ನೀರು ಕಾದ್ರೆ ಸರಿ" ಎಂದರು ಕದಿರಪ್ಪ.

ಒಲೆಗೆ ಹೋಗದ್ದು ತಿಪ್ಪೆಗೆ ಹೋಗುತ್ತಿತ್ತು. ಹಿತ್ತಲಿನ ಆ ತಿಪ್ಪೆ ಕದಿರಪ್ಪನವರ ಹೆಮ್ಮೆ. ನಾಲ್ಕು ಹಸುಗಳ ಸಗಣಿ, ಗಂಜಲ, ಕಸಕಡ್ಡಿ ಎಲ್ಲ ಸೇರಿ ವರ್ಷಕ್ಕೊಮ್ಮೆ ಕಪ್ಪು ಗೊಬ್ಬರವಾಗುತ್ತಿತ್ತು. ಅರ್ಧ ಅವರ ರಾಗಿ ಹೊಲಕ್ಕೆ, ಇನ್ನರ್ಧ ಪಕ್ಕದ ಊರಿನ ಕೋದಂಡಪ್ಪನ ಹಿಪ್ಪುನೇರಳೆ ತೋಟಕ್ಕೆ. ಬದಲಿಗೆ ಕೋದಂಡಪ್ಪ ತನ್ನ ಟ್ರ್ಯಾಕ್ಟರಿನಿಂದ ಕದಿರಪ್ಪನವರ ಹೊಲ ಉತ್ತುಕೊಡುತ್ತಿದ್ದ. ಬಾಯಿಮಾತಿನ ಈ ಕೊಡುಕೊಳ್ಳುವಿಕೆ ಅವರಪ್ಪಂದಿರ ಕಾಲದಿಂದ ನಡೆದುಬಂದದ್ದು.

ಈ ಸಲ ಯುಗಾದಿ ಕಳೆದ ಮೇಲೆ ಕೋದಂಡಪ್ಪ ಗೊಬ್ಬರ ನೋಡಲು ಬಂದ. ಭಾನುವಾರವಾದ್ದರಿಂದ ಮನೆಮಂದಿಯೆಲ್ಲ ಹಿತ್ತಲಲ್ಲೇ ಇದ್ದರು. ಅವನು ಸಲಿಕೆಯಿಂದ ಒಂದು ಮಗ್ಗುಲು ಕೆದಕಿ, ಬಗ್ಗಿ, ಒಂದೊಂದೇ ಎಳೆದು ನೆಲದ ಮೇಲೆ ಸಾಲಾಗಿ ಇಟ್ಟ. ಶಾಂಪೂ ಪ್ಯಾಕೆಟ್ಟು, ಗುಟ್ಕಾ ಪ್ಯಾಕೆಟ್ಟು, ಚಿಪ್ಸಿನ ಕವರು, ಹರಿದ ಚಪ್ಪಲಿ.

"ಕದಿರಣ್ಣ, ಇದು ತಿಪ್ಪೇನಾ, ಚಿಲ್ಲರೆ ಅಂಗಡೀನಾ?"

ಕದಿರಪ್ಪ ಮೀಸೆಯ ಮೇಲೆ ಕೈಯಾಡಿಸಿದರು.

"ಓದೊರ್ಸ ತಗೊಂಡೋದ ಲೋಡಲ್ಲೂ ಇಂಗೇ ಇತ್ತು. ದೊಡ್ಡೋರು, ಯಾಕ್ ಏಳ್ಬೇಕು ಅಂತ ಸುಮ್ನಿದ್ದೆ. ಗಿಡದ ಬುಡದಾಗೆಲ್ಲ ಕವರು. ನೀರೇ ಇಳೀತಿಲ್ಲ. ಈ ಸಲ ನಂಗೆ ಬ್ಯಾಡಣ್ಣ."

ಕೊನೆಯದಾಗಿ ಅವನ ಕೈಗೆ ಉದ್ದನೆಯದೊಂದು ಬಟ್ಟೆಯ ಪಟ್ಟಿ ಸಿಕ್ಕಿತು. ಎಳೆದಷ್ಟೂ ಬಂತು. ನಲ್ಲಿಯಡಿ ಹಿಡಿದದ್ದೇ ತಡ, ಗುಲಾಬಿ ಬಣ್ಣ ಹೊಸದರ ಹಾಗೆ ಹೊಳೆಯಿತು.

"ಅಕ್ಕ," ಎಂದಳು ರೂಪ ಮೆಲ್ಲಗೆ, "ಇದು ಆಶಾರಾಣಿ ಮದ್ವೆ ಬ್ಲೌಸಿಂದಲ್ವಾ?"

ಹೌದು, ಅದೇ. ಆಶಾರಾಣಿ ಮುನೇಶನ ಚಿಕ್ಕಪ್ಪನ ಮಗಳು. ಅವಳ ಮದುವೆಗೆ ಬ್ಲೌಸು ಹೊಲಿದವಳು ಶ್ಯಾಮಲಳೇ. ಅಂಗಡಿಯಲ್ಲಿ ಉಳಿದ ಚೂರುಗಳನ್ನು ಪೇಟೆಯ ರಸ್ತೆಗೆ ಎಸೆಯಬಾರದೆಂದು ಚೀಲದಲ್ಲಿ ತುಂಬಿ ಮನೆಗೆ ತಂದು ತಿಪ್ಪೆಗೆ ಸುರಿಯುತ್ತಿದ್ದಳು. ಬಟ್ಟೆ ತಾನೇ, ಕೊಳೆತುಹೋಗುತ್ತದೆ ಎಂದುಕೊಂಡಿದ್ದಳು. ಅದು ಹತ್ತಿಯಲ್ಲ, ಪಾಲಿಯೆಸ್ಟರ್ ಎಂಬುದು ಕೈಗೆ ಗೊತ್ತಿತ್ತು, ತಲೆಗೆ ಹೊಳೆದಿರಲಿಲ್ಲ.

ಎಲ್ಲರೂ ಅವಳ ಮುಖ ನೋಡಿದರು. ಮುನಿರಾಜು ನಗಲು ಬಾಯಿ ತೆರೆದವನು ಅಣ್ಣನ ಕಣ್ಣು ನೋಡಿ ಮುಚ್ಚಿಕೊಂಡ. ಶ್ಯಾಮಲಳ ಕಿವಿ ಬಿಸಿಯಾಯಿತು. ಆದರೆ ತಲೆ ತಗ್ಗಿಸಲಿಲ್ಲ.

"ಔದು, ನಂದೇ. ನಾನೇ ಆಕಿದ್ದು. ನಿಮ್ಗೆಲ್ಲ ಬುದ್ಧಿ ಏಳಿ ನಾನೇ ತಪ್ಪು ಮಾಡಿವ್ನಿ" ಎಂದಳು. ಆಮೇಲೆ ಕೋದಂಡಪ್ಪನ ಕಡೆ ತಿರುಗಿ, "ಅಣ್ಣ, ಬ್ಯಾಡ ಅನ್ಬ್ಯಾಡಿ. ಮೊದಲನೇ ಮಳೆ ಬೀಳೋವರ್ಗೂ ಟೈಮ್ ಕೊಡಿ. ಈ ತಿಪ್ಪೆ ಪೂರ್ತಿ ಹಸನು ಮಾಡ್ಕೊಡ್ತೀನಿ" ಎಂದಳು.

"ಇಷ್ಟು ದೊಡ್ ಗುಡ್ಡೇನಾ?"

"ಸೂಜಿ ಹಿಡ್ದು ಸೀರೆ ಅಂಚು ಪೂರ್ತಿ ಹೊಲೀತೀನಿ. ಇದು ಯಾವ ಲೆಕ್ಕ?"

ಕೋದಂಡಪ್ಪ ನಗುತ್ತ ಹೊರಟ. ಮಾರನೆಯ ಬೆಳಿಗ್ಗೆ ಶ್ಯಾಮಲ ಅಂಗಡಿಗೆ ಹೋಗದೆ, ಸೀರೆ ಎತ್ತಿಕಟ್ಟಿ, ತಲೆಗೊಂದು ಬಟ್ಟೆ ಸುತ್ತಿಕೊಂಡು ತಿಪ್ಪೆಯ ಮುಂದೆ ಕೂತಳು. ಯಾರನ್ನೂ ಕರೆಯಲಿಲ್ಲ. ಅಡಿಗೆ ಮುಗಿಸಿ ಬಂದ ರೂಪ ಸ್ವಲ್ಪ ಹೊತ್ತು ನಿಂತು ನೋಡಿ, ತಾನೂ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಮಧ್ಯಾಹ್ನದ ಹೊತ್ತಿಗೆ ವೆಂಕಟರತ್ನಮ್ಮ ಮಣೆ ತಂದು ಹಾಕಿಕೊಂಡರು.

"ಸೊಸೇರು ತಿಪ್ಪೆ ಕೆದಕ್ತಾವ್ರೆ, ಅತ್ತೆ ಟೀವಿ ನೋಡ್ತಾವ್ಳೆ ಅಂತ ಊರೋರು ಆಡ್ಕೊಳ್ಳೋದು ಬ್ಯಾಡ" ಎಂದರು.

ಕೆಲಸ ಸುಲಭದ್ದಾಗಿರಲಿಲ್ಲ. ಬೆನ್ನು ಹಿಡಿದುಕೊಳ್ಳುತ್ತಿತ್ತು, ಉಗುರೆಲ್ಲ ಕಪ್ಪು. ಆದರೆ ಮಾತಿಗೆ ಬರವಿರಲಿಲ್ಲ. ಒಂದು ದಿನ ಗೊಬ್ಬರದೊಳಗಿಂದ ಸ್ಟೀಲಿನ ಸೌಟೊಂದು ಎದ್ದುಬಂತು. ರೂಪ ತವರಿಗೆ ಸಾಗಿಸಿದ್ದಾಳೆಂದು ವೆಂಕಟರತ್ನಮ್ಮ ಒಂದಿಡೀ ದೀಪಾವಳಿ ಮುಖ ಊದಿಸಿಕೊಂಡಿದ್ದು ಇದೇ ಸೌಟಿಗಾಗಿ. ಅತ್ತೆ ಅದನ್ನು ಸೆರಗಿನಲ್ಲಿ ಒರೆಸಿ ರೂಪಳ ಕೈಯಲ್ಲಿಟ್ಟರು.

"ಕಸದ್ ಜೊತೆ ನಾನೇ ಎಸೆದಿರ್ಬೇಕು. ತಗಳಮ್ಮ, ಇನ್ ನಿಂದೇ ಇದು."

ರೂಪಳಿಗೆ ನಗು, ಅಳು ಎರಡೂ ಒಟ್ಟಿಗೇ ಬಂದವು.

ಅಷ್ಟು ದಿನ ಜಗುಲಿಯ ಮೇಲೆ ಕೂತು ನೋಡುತ್ತಿದ್ದ ಕದಿರಪ್ಪ ಅವತ್ತು ಎದ್ದರು. ಮುನಿರಾಜುವನ್ನು ಕರೆದು, "ಏನ್ಲಾ, ಹೆಣ್ಮಕ್ಳು ಕೈಲೇ ಆರುಸ್ಕೊಂಡು ಕೂತವ್ರೆ, ಮರಳು ಜರಡಿ ತಂದಾಕ್ಬಾರ್ದಾ?" ಎಂದು ಗದರಿದರು. ಮುನಿರಾಜು ಜರಡಿ ತಂದು ಎರಡು ಗೂಟಕ್ಕೆ ಒರಗಿಸಿದ. ಕೆಲಸ ಓಡತೊಡಗಿತು. ಮುನೇಶ್ ಕೂಡ ಸಂಜೆ ರೈಲಿಳಿದು ಬಂದವನೇ ಸಲಿಕೆ ಹಿಡಿಯುತ್ತಿದ್ದ. ಆರಿಸಿದ ಪ್ಲಾಸ್ಟಿಕ್ಕು ಮೂಟೆಮೂಟೆಯಾಯಿತು. ತೊಳೆದು ಒಣಗಿಸಿದ್ದನ್ನು ಗುಜರಿಯವನು ಗಾಡಿಗೆ ಹೇರಿಕೊಂಡು ಹೋದ. ಅವನೂ ಬೇಡವೆಂದದ್ದನ್ನು ಪಂಚಾಯ್ತಿಯ ಕಸದ ಗಾಡಿಗೆ ಕೊಟ್ಟರು.

ಬುದ್ಧಿ ಹೇಳುವುದನ್ನು ಶ್ಯಾಮಲ ಅಲ್ಲಿಗೆ ಬಿಟ್ಟಳು. ಬೇಡ ಎನ್ನುವುದಕ್ಕಿಂತ ಬೇಕಾದ್ದನ್ನು ಕೈಗೆ ಕೊಡುವುದೇ ಮೇಲು ಎಂದು ಅವಳಿಗೆ ಗೊತ್ತಾಗಿತ್ತು. ಅಂಗಡಿಯ ಚೂರುಗಳನ್ನು ಜೋಡಿಸಿ ಒಬ್ಬೊಬ್ಬರಿಗೂ ಒಂದೊಂದು ಕೈಚೀಲ ಹೊಲಿದಳು. ಮುನಿರಾಜುವಿನದಕ್ಕೆ ಬೈಕಿನ ಹ್ಯಾಂಡಲ್ಲಿಗೆ ಸಿಕ್ಕಿಸುವ ಕುಣಿಕೆ ಇಟ್ಟಳು. ಮೀನಿಗೆಂದೇ ಮುಚ್ಚಳದ ಡಬ್ಬಿ ಕೊಟ್ಟಳು. ಚೀಲಕ್ಕೂ ಬಾರದಷ್ಟು ಸಣ್ಣ ಚೂರುಗಳನ್ನು ದಿಂಬಿಗೆ ತುಂಬಿದಳು. ಬಚ್ಚಲಿನ ಪಕ್ಕದಲ್ಲಿ ತೆಂಗಿನ ಮಟ್ಟೆ, ಹುಣಸೆ ಕಡ್ಡಿ ಜೋಡಿಸಿಟ್ಟು ಸುಮ್ಮನಾದಳು. ಮೂರನೆಯ ಬೆಳಿಗ್ಗೆ ಎದ್ದು ನೋಡಿದರೆ ಬಚ್ಚಲಿನಿಂದ ಬಿಳಿ ಹೊಗೆ ಬರುತ್ತಿತ್ತು.

ಮೊದಲ ಮಳೆಗೆ ಮುಂಚೆಯೇ ಕೋದಂಡಪ್ಪನಿಗೆ ಹೇಳಿ ಕಳಿಸಿದರು. ಅವನು ಬಂದು ತಿಪ್ಪೆಗೆ ಮೊಣಕೈವರೆಗೆ ಕೈ ತೂರಿಸಿದ. ಒಂದು ಹಿಡಿ ತೆಗೆದು ಹಿಸುಕಿ, ಮೂಸಿ ನೋಡಿದ. ಇನ್ನೊಂದು ಕಡೆಯೂ ಹಾಗೇ ಮಾಡಿದ. ಕದಿರಪ್ಪ ಕೈ ಕಟ್ಟಿಕೊಂಡು ನಿಂತಿದ್ದರು.

"ಕಾಫಿ ಪುಡಿ ಇದ್ದಂಗೈತೆ ಕಣಣ್ಣ" ಎಂದ ಕೋದಂಡಪ್ಪ. "ನಾಳೆ ಟ್ರ್ಯಾಕ್ಟರ್ ಕಳಿಸ್ತೀನಿ. ನಮ್ ಲೋಡ್ ತುಂಬ್ಕೊಂಡು ನಿಮ್ ಹೊಲಾನೂ ಉತ್ತಾಕ್ತೀವಿ."

ಮಾವ ಸೊಸೆಯ ಕಡೆ ಒಮ್ಮೆ ನೋಡಿದರು. ಒಳಗೆ ಹೋಗಿ ತಾವೇ ಚೊಂಬಿನಲ್ಲಿ ಮಜ್ಜಿಗೆ ತಂದು, ಮೊದಲ ಲೋಟ ಅವಳಿಗೆ ಕೊಟ್ಟರು. ಎರಡನೆಯದು ಕೋದಂಡಪ್ಪನಿಗೆ.

ಸುದ್ದಿ ಬೇಲಿ ದಾಟಲು ಎಷ್ಟು ಹೊತ್ತು? ಪಕ್ಕದ ಮನೆಯ ಪಿಳ್ಳಮ್ಮ ಒಂದು ಸಂಜೆ ಬಾಗಿಲಿಗೆ ಬಂದರು. "ಶ್ಯಾಮಲಾ, ನಮ್ಮನೇಲಿ ಯಾರೂ ನನ್ ಮಾತು ಕೇಳಲ್ಲ ಕಣೇ. ನೀನೇ ಬಂದು ರವಷ್ಟು ಬುದ್ಧಿ ಏಳು."

ಶ್ಯಾಮಲ ಮನೆಯಲ್ಲಿದ್ದ ಹೊಲಿಗೆ ಮಷೀನಿನ ಮೇಲಿಂದ ತಲೆಯೆತ್ತಿ ನಕ್ಕಳು. "ನಾನ್ ಏಳಿದ್ರೆ ಯಾರೂ ಕೇಳಲ್ಲ ಪಿಳ್ಳಮ್ಮತ್ತೆ, ನಂಗೇ ಅನುಭವ ಆಗೈತೆ. ಮಾವನ್ನ ಕರ್ಕೊಂಡೋಗಿ."

ಕದಿರಪ್ಪ ಎರಡನೇ ಸಲ ಹೇಳಿಸಿಕೊಳ್ಳಲಿಲ್ಲ. ತಲೆಗೆ ಟವೆಲ್ಲು ಸುತ್ತಿ, ಮೂಲೆಯಲ್ಲಿದ್ದ ಸಲಿಕೆ ಹೆಗಲಿಗೇರಿಸಿಕೊಂಡು ಪಿಳ್ಳಮ್ಮನಿಗಿಂತ ಮುಂದಾಗಿ ಹೊರಟರು. "ಮಾತು ಆಮೇಲಾಡಾನ, ಮೊದ್ಲು ನಿಮ್ ತಿಪ್ಪೆ ತೋರ್ಸಮ್ಮ" ಎನ್ನುತ್ತ ಬೇಲಿಯ ಆಚೆ ಇಳಿದರು.