ಶಿಕಾರಿಯ ಗಂಟು

ನನ್ನ ಗಂಡ ಶಿಕಾರಿಗೆ ಹೋಗುತ್ತೇನೆಂದಾಗ ನನಗೆ ನಗು ಬಂತು. ಗೋಕಾಕದ ಪೇಟೆಯಲ್ಲಿ ಹತ್ತಿ ದಲಾಲಿ ಮಾಡುವ ಮನುಷ್ಯ. ಹಿತ್ತಲಲ್ಲಿ ಓತಿಕ್ಯಾತ ಕಂಡರೂ ನನ್ನನ್ನು ಕೂಗುತ್ತಿದ್ದರು. ಬೆಳಗಾವಿಯಿಂದ ಯಾರೋ ಸಾಹೇಬರು ಬರುತ್ತಾರಂತೆ, ಗುಡ್ಡದ ಅಡವಿಯನ್ನೆಲ್ಲ ಕಾಲ್ನಡಿಗೆಯಲ್ಲೇ ತಿರುಗುತ್ತಾರಂತೆ, ಜೊತೆಗೆ ಊರಿನವರೊಬ್ಬರು ಬೇಕಂತೆ. ಅತ್ತೆ ತಕ್ಷಣ, "ಹೋಗಿ ಬಾರಪಾ" ಎಂದರು. ಮಗ ಸಂತೆಗೆ ಹೋದರೂ ಬಾಗಿಲು ಕಾಯುವ ಅತ್ತೆ ಕಿರುಬ ಇರುವ ಅಡವಿಗೆ ಇಷ್ಟು ಸಲೀಸಾಗಿ ಒಪ್ಪಿದ್ದು ನನಗೆ ಸರಿಬರಲಿಲ್ಲ.

ಮದುವೆಯಾಗಿ ವರ್ಷಗಳಾಗಿದ್ದವು, ನನ್ನ ಮಡಿಲು ತುಂಬಿರಲಿಲ್ಲ. ಇವರಿಗೆ ಇನ್ನೊಂದು ಹೆಣ್ಣು ತರುವ ಮಾತು ಮನೆಯಲ್ಲಿ ಸುಳಿದಾಡುತ್ತಿತ್ತು. ನಾನು ಒಳಗೆ ಬಂದೊಡನೆ ನಿಲ್ಲುತ್ತಿತ್ತು.

ಯಾರೂ ಇಲ್ಲದಾಗ ಇವರು ಶಿಕಾರಿಗೆಂದು ಕಟ್ಟಿಟ್ಟ ಗಂಟು ಬಿಚ್ಚಿದೆ. ಗಂಜಿ ಹಾಕಿದ ಬಿಳಿ ಧೋತರ, ಬಿಳಿ ಅಂಗಿ, ಅತ್ತರಿನ ಕುಪ್ಪಿ, ನಡೆದರೆ ಜಿರ್ ಜಿರ್ ಎನ್ನುವ ಹೊಸ ಕಾಲ್ಮರಿ. ಒಂದು ಕಂಬಳಿ ಕೂಡ ಇರಲಿಲ್ಲ. ಅತ್ತರು ಹಚ್ಚಿಕೊಂಡು ಇವರು ಯಾವ ಚಿಗರಿಯ ಮುಂದೆ ನಿಲ್ಲುವವರು?

ಬಾಜೂ ಮನೆಯ ಅಜ್ಜ ಹರೆಯದಲ್ಲಿ ಬೇಟೆಗೆ ಹೋದವನು. ಅವನನ್ನು ಕೇಳಿದೆ.

"ಬಿಳೀ ಅರಿಬಿ ದೂರದಿಂದನ ಕಾಣತೈತಿ ತಂಗೀ. ಮಣ್ಣಿನ ಬಣ್ಣದ್ದು ಬೇಕು. ವಾಸನಿ ಬ್ಯಾಡ, ಕಾಲಾಗಿಂದು ಸಪ್ಪಳ ಮಾಡಬಾರದು," ಎಂದ.

ಮರುದಿನ ಇವರು ಪೇಟೆಗೆ, ಅತ್ತೆ ಮಠಕ್ಕೆ ಹೋದದ್ದೇ ತಡ, ಜಾಲಿ ತೊಗಟೆ ಕುದಿಸಿ ಮನೆಯಲ್ಲಿದ್ದ ಅವರ ಬಿಳಿ ಬಟ್ಟೆಯನ್ನೆಲ್ಲ ಅದರಲ್ಲಿ ಅದ್ದಿದೆ. ಕಾಲ್ಮರಿಗೆ ಜಿರ್ ಎನ್ನದಷ್ಟು ಎಣ್ಣೆ ಕುಡಿಸಿದೆ. ಅತ್ತರನ್ನು ಬಚ್ಚಲಿಗೆ ಸುರಿದೆ. ಒಣಗಿದ ಬಟ್ಟೆಯ ಜೊತೆಗೆ ಕಂಬಳಿ, ಕಟಕ ರೊಟ್ಟಿ, ಶೇಂಗಾ ಚಟ್ನಿ ಇಟ್ಟು ಗಂಟು ಕಟ್ಟಿದೆ. ಕೈಯೆಲ್ಲ ಕಂದು ಬಣ್ಣವಾಗಿತ್ತು, ಮನಸ್ಸಿಗೆ ಮಾತ್ರ ಹಿತವಾಗಿತ್ತು.

ಹೊರಡುವ ಹೊತ್ತಿಗೆ ಇವರು ಗಂಟು ಬಿಚ್ಚಿದರು. "ಏನ ಮಾಡೀದಿ ಇದು?"

"ಶಿಕಾರಿಗೆ ಹಿಂಗ ಹೋಗಬೇಕಂತ್ರಿ. ಬಿಳೇದು ಕಂಡ್ರ ಚಿಗರಿ ಓಡ್ತಾವಂತ."

ಬೈಯುವಂತಿಲ್ಲ, ಬಿಡುವಂತಿಲ್ಲ. ಧೋತರವನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ನನಗೆ ಒಳಗೊಳಗೇ ಖುಷಿ. ಆದರೂ ಖರೆ ಹೇಳುತ್ತೇನೆ, ಆ ಬಟ್ಟೆ ಉಟ್ಟು ಅವರು ನಿಜವಾಗಿಯೂ ಗುಡ್ಡದ ಕಡೆಗೆ ನಡೆದುಬಿಡಲಿ, ನನ್ನ ಸಂಶಯ ಸುಳ್ಳಾಗಲಿ ಎಂದು ಆಗಲೂ ಬೇಡಿಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಅತ್ತೆ ಬಂದು ಧೋತರ ನೋಡಿ ಹಣೆ ಬಡಿದುಕೊಂಡರು. "ಅಯ್ಯ ಶಿವನ! ಇದನ್ನ ಉಟಗೊಂಡು ಹತ್ತರಗಿ ಊರಾಗ ಹೆಣ್ಣಿನವರ ಮುಂದ ಹೆಂಗ ಕುಂದ್ರತಾನ?"

ಆಡಿದ ಮೇಲೆ ಬಾಯಿ ತಪ್ಪಿದ್ದು ಅತ್ತೆಗೂ ಗೊತ್ತಾಯಿತು. ಯಾರೂ ನನ್ನ ಮುಖ ನೋಡಲಿಲ್ಲ. ನನಗೆ ಅಳು ಬರಲಿಲ್ಲ.

ಅತ್ತೆ ಒಳಗೆ ಹೋಗಿ ತಮ್ಮ ಟ್ರಂಕಿನಿಂದ ಕೆಂಪಂಚಿನ ಬಿಳಿ ಧೋತರ ತಂದು ಮಗನ ಕೈಗಿತ್ತರು. ಮದುವೆಯಲ್ಲಿ ನಮ್ಮಪ್ಪ ಅಳಿಯನಿಗೆ ಕೊಟ್ಟದ್ದು. ಇದೊಂದನ್ನಾದರೂ ಬೇಡ ಅಂದಾರು ಎಂದು ಕಾದೆ. ಅವರು ಕೋಣೆಗೆ ಹೋಗಿ ಉಟ್ಟುಕೊಂಡು ಬಂದರು. ನನ್ನ ಮುಂದೆ ಬೆನ್ನು ತಿರುಗಿಸಿ ನಿಂತು, ದಿನವೂ ಪೇಟೆಗೆ ಹೊರಡುವಾಗ ಕೇಳುವ ರೂಢಿಯಿಂದಲೇ ಕೇಳಿದರು: "ಕಚ್ಚಿ ಸರಿ ಕುಂತೈತೇನ ನೋಡು."