ನಲವತ್ತು ಕಂಪ್ಯೂಟರು, ಮೂರೆಳೆ ವಿಭೂತಿ

ಹೋದ ತಿಂಗಳು ಹುಕ್ಕೇರಿ ಹತ್ತಿರದ ಒಂದು ಶಾಲೆಯಲ್ಲಿ ಹೊಸ ಕಂಪ್ಯೂಟರುಗಳನ್ನು ಸಜ್ಜು ಮಾಡಿಕೊಡಲು ಹೋಗಿದ್ದೆ. ಮೂವತ್ತು ಯಂತ್ರ. ಒಂದನ್ನು ಸಿದ್ಧ ಮಾಡಿ, ಅದರ ನಕಲನ್ನು ಉಳಿದವಕ್ಕೆಲ್ಲ ಕಳಿಸಿ, ಹೊರಗೆ ಹೋಗಿ ಚಾ ಕುಡಿದು ಹರಟೆ ಹೊಡೆದು ಬಂದೆ. ಬಂದು ನೋಡಿದರೆ ಎಲ್ಲವೂ ಎದ್ದು ಕೂತಿದ್ದವು. ಪರದೆಗೆ ಬೇಕಾದದ್ದು, ಧ್ವನಿಗೆ ಬೇಕಾದದ್ದು, ನೆಟ್‌ವರ್ಕಿಗೆ ಬೇಕಾದದ್ದು, ಎಲ್ಲವನ್ನೂ ತಾವೇ ಹುಡುಕಿ ಹಾಕಿಕೊಂಡಿದ್ದವು.

"ಇಷ್ಟ ಲಗೂ ಮುಗೀತೇನ್ರಿ ಬಾಯಾರ?" ಅಂದರು ಹೆಡ್‌ಮಾಸ್ತರರು. ನಮ್ಮ ಕಡೆ ಮೇಡಂಗೆ ಬಾಯಾರು ಅನ್ನುತ್ತಾರೆ.

ಮುಗಿಯಿತು ಅಂದೆ. ಖುಷಿಯಾಗಬೇಕಿತ್ತು. ಆದರೆ ನಿಜ ಹೇಳುತ್ತೇನೆ, ನನಗೆ ಬೇಸರವಾಯಿತು. ನನ್ನ ಚೀಲದಲ್ಲಿ ಇವತ್ತಿಗೂ ಡ್ರೈವರ್ ಸಿಡಿಗಳ ಒಂದು ಕಟ್ಟು ಇದೆ. ಅದನ್ನು ತುರುಕಲು ಈಗಿನ ಕಂಪ್ಯೂಟರುಗಳಲ್ಲಿ ಜಾಗವೇ ಇಲ್ಲ. ಆದರೂ ಹೊತ್ತುಕೊಂಡು ತಿರುಗುತ್ತೇನೆ. ಹಿಂದಿರುಗುವ ಬಸ್ಸಿನಲ್ಲಿ ಆ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಾಗ ಗೋಕಾಕದ ಹಳೆಯ ಲ್ಯಾಬು ನೆನಪಾಯಿತು, ಮಾವಶಿ ನೆನಪಾದರು.

ಆಗ ನಾನು ಗೋಕಾಕದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬು ನೋಡಿಕೊಳ್ಳುತ್ತಿದ್ದೆ. ದಿನಾ ಬೆಳಿಗ್ಗೆ ನಮ್ಮೂರು ಕಲ್ಲೋಳಿಯಿಂದ ಬಸ್ಸು. ಕೂರಲು ಸೀಟು ಸಿಕ್ಕ ದಿನಗಳನ್ನು ಬೆರಳಲ್ಲಿ ಎಣಿಸಬಹುದು. ವಯಸ್ಸು ಇಪ್ಪತ್ತೈದು ದಾಟಿರಲಿಲ್ಲ, ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ ಇರುತ್ತಿತ್ತು. ಇಡೀ ಕಾಲೇಜಿನಲ್ಲಿ ಕಂಪ್ಯೂಟರು ಗೊತ್ತಿರುವವಳು ನಾನೊಬ್ಬಳೇ ಎಂಬ ಸೊಕ್ಕು ಬೇರೆ. ಲ್ಯಾಬಿನ ಕಸ ಗುಡಿಸಿ, ಮೇಜು ಒರೆಸಿ, ಮಧ್ಯಾಹ್ನ ನನಗೊಂದು ಕಪ್ ಚಾ ತಂದುಕೊಡುತ್ತಿದ್ದ ಆಯಾಗೆ ಎಲ್ಲರೂ ಮಾವಶಿ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದರು. ನಾನೂ ಹಾಗೇ ಅನ್ನುತ್ತಿದ್ದೆ. ಹಣೆಯ ತುಂಬ ವಿಭೂತಿ, ಬಾಯಲ್ಲಿ ಮಾತು ಕಡಿಮೆ. ಯಂತ್ರದ ಗುಂಡಿ ಒತ್ತಿದವರಲ್ಲ, ಆದರೆ ಒಂದೊಂದು ಯಂತ್ರವನ್ನೂ ಹಸುವಿನ ಮೈ ತಿಕ್ಕಿದ ಹಾಗೆ ಒರೆಸುತ್ತಿದ್ದರು.

ಆ ವರ್ಷ ನಮ್ಮ ಲ್ಯಾಬನ್ನು ಗುಮಾಸ್ತೆ ಹುದ್ದೆಯ ಕಂಪ್ಯೂಟರ್ ಪರೀಕ್ಷೆಗೆ ಕೇಂದ್ರ ಮಾಡಿದರು. ಅದಕ್ಕಾಗಿ ನಾನೇ ಪ್ರಿನ್ಸಿಪಾಲರ ಬೆನ್ನು ಬಿದ್ದು ಅರ್ಜಿ ಹಾಕಿಸಿದ್ದೆ. ಮೂಡಲಗಿ ಕಡೆಯ, ಹುಕ್ಕೇರಿ ಕಡೆಯ ಹೆಣ್ಣುಮಕ್ಕಳಿಗೆ ಬೆಳಗಾವಿ ಎಂದರೆ ದೂರ. ಕೋಳಿ ಕೂಗುವ ಮುಂಚೆ ಏಳಬೇಕು, ಜೊತೆಗೆ ಯಾರಾದರೂ ಬರಬೇಕು, ಮನೆಯವರು ಹೂಂ ಅನ್ನಬೇಕು. ನಾನೇ ಒಮ್ಮೆ ಬಸ್ಸು ತಪ್ಪಿ ಬೆಳಗಾವಿಯಲ್ಲಿ ಪರೀಕ್ಷೆಯ ಬಾಗಿಲು ಮುಚ್ಚಿದ ಮೇಲೆ ತಲುಪಿ, ಗೇಟಿನ ಮುಂದೆ ನಿಂತು ಅತ್ತವಳು.

ಮಾವಶಿಯ ಜೀವವೂ ಇದರಲ್ಲೇ ಇತ್ತು. ಬೆಲ್ಲದ ಬಾಗೇವಾಡಿಗೆ ಕೊಟ್ಟಿದ್ದ ಅವರ ಮಗಳು ಇದೇ ಪರೀಕ್ಷೆಗೆ ಅರ್ಜಿ ಹಾಕಿದ್ದಳು. ಮೂರು ತಿಂಗಳ ಕೂಸಿನ ತಾಯಿ.

"ಅಕಿ ಅತ್ತಿ ಹೇಳ್ಯಾಳ್ರಿ ಬಾಯಾರ," ಎಂದಿದ್ದರು ಮಾವಶಿ. "ಗೋಕಾಕ ಆದ್ರ ಹೋಗು, ನಿಮ್ಮವ್ವ ಅದಾಳ, ಕೂಸಿನ ಹಿಡೀತಾಳ. ಬೆಳಗಾವಿ ಅಂದ್ರ ಮಾತ್ರ ಬ್ಯಾಡ ಅಂತ. ಈ ವರ್ಷ ಬಿಟ್ರ ಅಕಿ ವಯಸ್ಸೂ ಮೀರತೈತ್ರಿ."

ಪರೀಕ್ಷೆಗೆ ಮುಂಚೆ ಲ್ಯಾಬಿಗೆ ಸುಣ್ಣ ಬಣ್ಣ ಆಗಬೇಕಿತ್ತು. ಯಂತ್ರಗಳನ್ನೆಲ್ಲ ಪಡಸಾಲೆಗೆ ಎತ್ತಿಡುವ ಹಿಂದಿನ ದಿನ ನನ್ನ ಕಣ್ಣಿಗೆ ಆ ಗೆರೆಗಳು ಬಿದ್ದವು. ಅಷ್ಟು ದಿನ ನೋಡಿಯೂ ನೋಡದ ಹಾಗಿದ್ದೆ. ಖಂಡೇನವಮಿಯ, ಅಂದರೆ ಆಯುಧಪೂಜೆಯ ದಿನ ಮಾವಶಿ ಸಿಪಿಯು ಡಬ್ಬಿಗಳ ಮುಂಭಾಗಕ್ಕೆ ಮೂರೆಳೆ ವಿಭೂತಿ ಎಳೆದು, ನಡುವೆ ಕುಂಕುಮ ಇಟ್ಟಿದ್ದರು. ಒಂದರ ಸಿಡಿ ಹಾಕುವ ಸಂದಿಯಲ್ಲಿ ಒಣಗಿದ ಚೆಂಡುಹೂವೂ ಇತ್ತು.

"ಮಾವಶಿ, ಇದನ್ನೆಲ್ಲಾ ಹಸಿ ಅರಿವಿಲೆ ಒರಸಿ ಬಿಡ್ರಿ. ನೋಡಾಕ ಬರೂ ಸಾಹೇಬರು ಇದೇನು ಲ್ಯಾಬೋ ಗುಡಿಯೋ ಅಂತಾರ."

"ದುಡಿಯೂ ವಸ್ತು ಅದಾವ್ರಿ ಬಾಯಾರ. ಇರ್ಲಿ ಬಿಡ್ರಿ."

"ದುಡೀತಾವು ಅಂತ ನನಗೂ ಗೊತ್ತೈತಿ. ಒರಸ್ರಿ ಅಂದ್ರ ಒರಸ್ರಿ."

ಕಲ್ಲೋಳಿಯ ನಮ್ಮ ಮನೆಯಲ್ಲಿ ಅಜ್ಜ ಕೂರಿಗೆಗೆ ವಿಭೂತಿ ಹಚ್ಚದೆ ಬಿತ್ತನೆಗೆ ಹೋದವರಲ್ಲ. ಆ ಮನೆಯಲ್ಲಿ ಹುಟ್ಟಿದವಳು ನಾನು. ನಾಲ್ಕು ಅಕ್ಷರ ಕಲಿತ ಮೇಲೆ ಹೊರಗಿನವರ ಮುಂದೆ ನಾಚಿಕೆ ಶುರುವಾಗಿತ್ತು. ಮಾವಶಿ ಹೋಗಿ ಅರಿವೆ ತಂದರು.

ಬಣ್ಣ ಮುಗಿಯಿತು. ಹಮಾಲರು ಯಂತ್ರಗಳನ್ನು ಕೈಗೆ ಸಿಕ್ಕ ಹಾಗೆ ಒಳಗೆ ತಂದಿಟ್ಟರು. ಪರೀಕ್ಷೆ ಸೋಮವಾರ. ಶನಿವಾರ ಬೆಳಿಗ್ಗೆ ನನ್ನ ಕೆಲಸ ಶುರು. ನಲವತ್ತಕ್ಕೂ ಒಂದೇ ಹೊಸ ಆಪರೇಟಿಂಗ್ ಸಿಸ್ಟಮ್, ಒಂದೇ ಪರೀಕ್ಷೆಯ ಸಾಫ್ಟ್‌ವೇರ್ ಇರಬೇಕು ಎಂದು ಪರೀಕ್ಷೆಯವರ ಕಟ್ಟಪ್ಪಣೆ. ಬೆಳಗಾವಿಯಿಂದ ಯಾರನ್ನಾದರೂ ಕರೆಸೋಣವೇ ಎಂದು ಪ್ರಿನ್ಸಿಪಾಲರು ಕೇಳಿದಾಗ ನನ್ನ ಮೈ ಉರಿಯಿತು. ಹಿತ್ತಲ ಗಿಡ ಮದ್ದಲ್ಲ ಅಂದರೆ ಇದೇ ನೋಡಿ. "ಒಂದ್ ದಿನದ ಕೆಲಸ ಸರ್" ಅಂದುಬಿಟ್ಟೆ.

ಒಂದೊಂದಾಗಿ ಕೂರಿಸುತ್ತ ಹೋದರೆ ವಾರ ಬೇಕು. ಅದಕ್ಕೆ ಇಮೇಜ್ ಎಂಬ ಉಪಾಯವಿದೆ. ಗಾಣದ ಮನೆಯಲ್ಲಿ ಬೆಲ್ಲಕ್ಕೆ ಅಚ್ಚು ಇದ್ದ ಹಾಗೆ. ಒಂದು ಕಂಪ್ಯೂಟರಿನಲ್ಲಿ ಎಲ್ಲವನ್ನೂ ಸರಿಯಾಗಿ ಹಾಕಿ, ಅದರ ಡಿಸ್ಕನ್ನು ಇಡಿಯಾಗಿ ನಕಲು ತೆಗೆದು, ಉಳಿದವುಗಳಿಗೆ ಅದನ್ನೇ ಹೊಯ್ಯುವುದು. ಯಂತ್ರದ ಒಂದೊಂದು ಭಾಗವನ್ನು ಕೆಲಸಕ್ಕೆ ಹಚ್ಚುವ ಸಣ್ಣ ಪ್ರೋಗ್ರಾಮಿಗೆ ಡ್ರೈವರ್ ಅನ್ನುತ್ತೇವೆ. ಅದೂ ಅಚ್ಚಿನ ಜೊತೆಗೇ ಹೋಗುತ್ತದೆ. ಯಂತ್ರಗಳೆಲ್ಲ ಒಂದೇ ನಮೂನೆ ಇದ್ದರೆ ಸರಿ, ಒಳಗಿನ ಒಂದು ಭಾಗ ಬೇರೆಯಾದರೂ ಡ್ರೈವರ್ ಹೊಂದುವುದಿಲ್ಲ. ನಮ್ಮ ಯಂತ್ರಗಳು ಒಂದೇ ಕಂಪನಿಯವು, ಒಂದೇ ಮಾಡೆಲ್ ನಂಬರು, ಅದೇ ಕರಿ ಡಬ್ಬಿ. ನನಗೇನು ಚಿಂತೆ?

ಮೊದಲ ನಾಲ್ಕು ಯಂತ್ರ ಹೂವಿನ ಹಾಗೆ ಎದ್ದವು. ಐದನೆಯದು ಎದ್ದಿತು, ಆದರೆ ನೆಟ್‌ವರ್ಕ್ ಇಲ್ಲ. ಕೇಬಲ್ಲಿನ ಪಕ್ಕದ ಸಣ್ಣ ದೀಪ ಹೊತ್ತಲೇ ಇಲ್ಲ. ನೆಟ್‌ವರ್ಕ್ ಇಲ್ಲದಿದ್ದರೆ ಪ್ರಶ್ನೆಪತ್ರಿಕೆ ಬರುವುದಿಲ್ಲ, ಪರೀಕ್ಷೆಯೇ ಇಲ್ಲ. ಮತ್ತೆ ಎರಡು ಸರಿ, ಮತ್ತೆ ಮೂರು ಸತ್ತವು. ಅದಕ್ಕೊಂದು ಲೆಕ್ಕವಿಲ್ಲ, ಸಾಲಿಲ್ಲ. ಡ್ರೈವರ್ ಸಿಡಿಯನ್ನು ಹಾಕಿದೆ, ಹೊಂದುವುದಿಲ್ಲ ಎಂದಿತು. ಇಮೇಜ್ ಕೆಟ್ಟಿದೆ ಎಂದುಕೊಂಡು ಹೊಸದಾಗಿ ತೆಗೆದೆ. ಕೇಬಲ್ ಬದಲಿಸಿದೆ. ಕರೆಂಟಿನವನನ್ನು ಕರೆಸಿ, ಅವನ ತಪ್ಪಿಲ್ಲದಿದ್ದರೂ ಬೈದೆ. ಬಣ್ಣದವರನ್ನು, ಹಮಾಲರನ್ನು, ಗೋಡೆಯನ್ನೂ ಬೈದೆ. ಕುಣಿಯಲಾರದವಳಿಗೆ ಅಂಗಳ ಡೊಂಕು.

ಭಾನುವಾರ ಬೆಳಿಗ್ಗೆ ಪರೀಕ್ಷೆಯವರ ಫೋನು ಬಂತು. ಸಂಜೆ ಐದರೊಳಗೆ ನಲವತ್ತೂ ಸಜ್ಜಾಗಿವೆ ಎಂದು ತಿಳಿಸಬೇಕು. ಇಲ್ಲದಿದ್ದರೆ ಅಭ್ಯರ್ಥಿಗಳಿಗೆಲ್ಲ ಬೆಳಗಾವಿಗೆ ಬನ್ನಿ ಎಂದು ಸಂದೇಶ ಹೋಗುತ್ತದೆ.

ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಮೂವತ್ತೊಂದು ಯಂತ್ರಕ್ಕೆ ಇಮೇಜ್ ಹೊಯ್ದಾಗಿತ್ತು. ಅದರಲ್ಲಿ ಹನ್ನೆರಡು ಕುರುಡು, ನೆಟ್ವರ್ಕಿನ ದೀಪ ಹೊತ್ತದವು. ಪಡಸಾಲೆಯಲ್ಲಿ ಮಾವಶಿಯ ಮಗಳು ಬಂದು ಕೂತಿದ್ದಳು. ಕೂಸು ತೊಡೆಯ ಮೇಲೆ, ಕೈಯಲ್ಲಿ ಪುಸ್ತಕ. ಏನಾದರೂ ಕೇಳಿದ್ದರೆ ಅವಳಿಗೂ ಬೈಯುತ್ತಿದ್ದೆನೋ ಏನೋ. ಗೇಟಿನ ಮುಂದೆ ಅಳುವುದು ಹೇಗಿರುತ್ತದೆಂದು ನನಗೆ ಗೊತ್ತಿತ್ತು, ಈ ಸಲ ಗೇಟು ಮುಚ್ಚುವವಳು ನಾನೇ ಆಗುತ್ತಿದ್ದೆ.

ಕೇಬಲ್ಲನ್ನು ಇನ್ನೊಮ್ಮೆ ನೋಡೋಣವೆಂದು ಮೇಜಿನ ಕೆಳಗೆ ತೂರಿ, ಮೊಬೈಲಿನ ಟಾರ್ಚು ಹಚ್ಚಿದೆ. ಸಿಪಿಯು ಡಬ್ಬಿಯ ಬೆನ್ನಿನ ಮೇಲೆ, ವಾಯರುಗಳಿಗಿಂತ ತುಸು ಮೇಲೆ, ಬೆರಳಿನಿಂದ ಎಳೆದ ಬಿಳಿ ಗೆರೆಗಳು. ಮೂರೆಳೆ.

ನನಗೆ ಮೊದಲು ಬಂದದ್ದು ಸಿಟ್ಟೇ. ಕೆಳಗಿನಿಂದಲೇ ಕೂಗಿದೆ. ಮಾವಶಿ ಓಡಿ ಬಂದು ಸೆರಗು ಹಿಡಿದು ನಿಂತರು.

"ತಪ್ಪಾತ್ರಿ ಬಾಯಾರ. ಮುಂದಿಂದು ಎಲ್ಲಾ ಒರಸೇನ್ರಿ. ಪೂರಾ ಬರಿದು ಮಾಡಾಕ ಮನಸ್ಸ ಆಗ್ಲಿಲ್ಲ. ಹಿಂದ ಯಾರ್ ನೋಡ್ತಾರ ಅಂತ ಒಂದೊಂದ್ ಬೆರಳ ಹಚ್ಚೇನ್ರಿ."

ಬೈಯಲು ಬಾಯಿ ತೆರೆದವಳು ಪಕ್ಕದ ಡಬ್ಬಿಯ ಬೆನ್ನು ನೋಡಿದೆ. ಅಲ್ಲಿ ಗೆರೆ ಇರಲಿಲ್ಲ. ಅದು ಕುರುಡು ಯಂತ್ರ.

"ಈ ಬಾಜೂದಕ್ಕ ಯಾಕ ಹಚ್ಚಿಲ್ರಿ?"

"ಅದಕ್ಕ ಹ್ಯಾಂಗ ಹಚ್ಚಲ್ರಿ? ಆ ಹದಿನೆಂಟೂ ದೀಪಾವಳಿ ಆದ ಮ್ಯಾಲೆ ಬಂದಾವಲ್ಲ. ಅವಕ್ಕ ಇನ್ನ ಖಂಡೇ ಪೂಜಿನ ಆಗಿಲ್ರಿ."

ನಾನು ಮೇಜಿನ ಕೆಳಗೇ ಕೂತುಬಿಟ್ಟೆ. ಖಂಡೇನವಮಿಗೆ ಇದ್ದವು ಇಪ್ಪತ್ತೆರಡು. ಆಮೇಲೆ ಬಂದವು ಹದಿನೆಂಟು. ಸಹಿ ಮಾಡಿ ಇಳಿಸಿಕೊಂಡವಳು ನಾನೇ. ಒಂದೇ ಮಾಡೆಲ್ ಅಲ್ಲವೇ ಎಂದು ಅದನ್ನು ಮರೆತೇಬಿಟ್ಟಿದ್ದೆ. ಮಂಡಿಯ ಮೇಲೆ ತೆವಳುತ್ತ ಇಮೇಜ್ ಹೊಯ್ದ ಒಂದೊಂದನ್ನೂ ನೋಡಿದೆ. ಗೆರೆ ಇದ್ದದ್ದು ನಡೆಯುತ್ತದೆ, ಗೆರೆ ಇಲ್ಲದ್ದು ನಡೆಯುವುದಿಲ್ಲ. ಒಂದೂ ತಪ್ಪಲಿಲ್ಲ.

ಎರಡು ಬಗೆಯ ಒಂದೊಂದು ಡಬ್ಬಿ ಬಿಚ್ಚಿದೆ. ನೆಟ್‌ವರ್ಕಿನ ಚಿಪ್ಪಿನ ಮೇಲಿನ ಅಕ್ಷರಗಳೇ ಬೇರೆ. ಕಂಪನಿಯವರು ಹೊರಗಿನ ಅಂಗಿ ಅದೇ ಇಟ್ಟು ಒಳಗಿನ ಜೀವ ಬದಲಿಸಿದ್ದರು. ಎರಡನೇ ಸಲ ಬಂದ ಸಿಡಿಗಳನ್ನು, ಮೊದಲಿನದೇ ಇದೆಯಲ್ಲ ಎಂದು, ಲಕೋಟೆಯನ್ನೂ ಒಡೆಯದೆ ನಾನು ಕಪಾಟಿನ ತಳಕ್ಕೆ ಎಸೆದಿದ್ದೆ. ಒಂದನ್ನು ತಂದು ಹಾಕಿದೆ. ಎರಡು ನಿಮಿಷ. ಕೇಬಲ್ಲಿನ ಪಕ್ಕದ ದೀಪ ಮಿನುಗತೊಡಗಿತು. ಇಷ್ಟು ವರ್ಷ ಈ ಕಸುಬಿನಲ್ಲಿದ್ದೇನೆ, ಅಷ್ಟು ಚೆಂದದ ಹಸಿರನ್ನು ಮತ್ತೆ ನೋಡಿಲ್ಲ.

ಆ ಹನ್ನೆರಡಕ್ಕೂ ಹೊಸ ಡ್ರೈವರ್ ಹಾಕಿ, ಉಳಿದ ಒಂಬತ್ತಕ್ಕೆ ಗೆರೆ ನೋಡಿ ನೋಡಿ ತಕ್ಕ ಇಮೇಜ್ ಹೊಯ್ದೆ. ಮಾವಶಿ ಮುಂದೆ ಮುಂದೆ ಹೋಗಿ, "ಇದು ಹಚ್ಚಿದ್ದರಿ, ಇದು ಹಚ್ಚಲಾರದ್ದರಿ" ಎಂದು ಹೇಳುತ್ತಿದ್ದರು. ನಾಲ್ಕೂವರೆಗೆ ನಲವತ್ತನೆಯದು ಎದ್ದಿತು. ಪ್ರಿನ್ಸಿಪಾಲರು ಫೋನು ಮಾಡಿ ಸಜ್ಜಾಗಿದೆ ಎಂದು ತಿಳಿಸಿ, ಎಲ್ಲರ ಮುಂದೆ ಅಂದರು: "ನಮ್ಮ ಬಾಯಾರ ತಲಿ ಅಂದ್ರ ತಲಿ ನೋಡ್ರಿ!"

ನಾನು ನಕ್ಕು ಆ ಹೊಗಳಿಕೆಯನ್ನು ಒಪ್ಪಿಕೊಂಡೆ. ಚಾದ ಕಪ್ಪು ಹಿಡಿದು ಮಾವಶಿ ಅಲ್ಲೇ ನಿಂತಿದ್ದರು. ಕಲ್ಲೋಳಿಯ ಬಸ್ಸಿನಲ್ಲಿ ಆ ದಿನ ಸೀಟು ಸಿಕ್ಕಿತ್ತು, ಕೂತರೂ ನೆಮ್ಮದಿ ಇರಲಿಲ್ಲ. ಬೆಳಗಾವಿಯವರನ್ನು ಕರೆಸೋಣ ಅಂದದ್ದಕ್ಕೆ ಉರಿದುಬಿದ್ದವಳು ನಾನು. ನನ್ನದೇ ಹಿತ್ತಲಿನ ಗಿಡವನ್ನು ಹಸಿ ಅರಿವೆಯಿಂದ ಒರೆಸಿ ಹಾಕಲು ಹೋದವಳೂ ನಾನೇ.

ಸೋಮವಾರ ಬೆಳಿಗ್ಗೆ ಬೇಗ ಹೋದೆ. ಮಾವಶಿ ಲ್ಯಾಬಿನ ಬಾಗಿಲಲ್ಲಿ ವಿಭೂತಿಯ ಉಂಡೆ ಹಿಡಿದು ಕಾಯುತ್ತಿದ್ದರು.

"ಆ ಹದಿನೆಂಟಕ್ಕೂ ಒಂದೊಂದ್ ಬೆರಳ ಹಚ್ಚಲೇನ್ರಿ ಬಾಯಾರ? ಹಿಂದ ಹಚ್ತೇನ್ರಿ."

"ಹಿಂದ ಬ್ಯಾಡ್ರಿ. ಮುಂದ ಹಚ್ರಿ. ನಲವತ್ತಕ್ಕೂ ಹಚ್ರಿ. ಹೊಸಾವಕ್ಕ ಕುಂಕುಮಾನೂ ಇಡ್ರಿ, ನನಗ ಗುರುತು ಸಿಗ್ಲಿ."

ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ಹೋದರು.

ಹತ್ತಕ್ಕೆ ಪರೀಕ್ಷೆ ಶುರುವಾಯಿತು. ಮಾವಶಿಯ ಮಗಳು ಕಿಟಕಿಯ ಪಕ್ಕದ ಯಂತ್ರದ ಮುಂದೆ ಕೂತಿದ್ದಳು. ಆಕೆ ಈಗ ಹುಕ್ಕೇರಿಯ ಒಂದು ಕಚೇರಿಯಲ್ಲಿದ್ದಾಳೆ, ಮಾವಶಿ ಅವಳ ಮನೆಯಲ್ಲೇ ಇದ್ದಾರೆ. ಅವತ್ತು ಮಾವಶಿ ಕೂಸಿನ ಹಣೆಗೂ ವಿಭೂತಿ ಹಚ್ಚಿ, ಅದನ್ನು ಹೆಗಲಿಗೆ ಹಾಕಿಕೊಂಡು ಪಡಸಾಲೆಯಲ್ಲಿ ನಿಂತಿದ್ದರು. ಪರೀಕ್ಷೆಯ ಸಾಹೇಬರು ಒಂದು ಸುತ್ತು ಹಾಕಿ ಹುಬ್ಬು ಗಂಟಿಕ್ಕಿ ಹೊರಗೆ ಬಂದರು.

"ಏನ್ರಿ ಮೇಡಂ ಇದು? ಕಂಪ್ಯೂಟರಿಗೆಲ್ಲಾ ವಿಭೂತಿ? ಯಾರ್ ಮಾಡಿದ್ದು?"

ಆ ದನಿ ಕೇಳಿದ್ದೇ ತಡ, ಮಾವಶಿ ಗಾಬರಿಯಾಗಿ ಸೆರಗಿನ ತುದಿ ತೆಗೆದು ಕೂಸಿನ ಹಣೆಯ ವಿಭೂತಿಯನ್ನು ಒರೆಸಲು ಹೋದರು. ಹಾಗೆ ಹೆದರಲು ಅವರಿಗೆ ಕಲಿಸಿದವಳು ನಾನು.

ಅವರ ಕೈ ಹಿಡಿದೆ.

"ಇವರ ಮಾಡಿದ್ದು ಸರ್," ಅಂದೆ. "ನಿನ್ನೆ ಈ ವಿಭೂತಿ ಇರದಿದ್ರ ಇವತ್ತ ಇಲ್ಲಿ ಪರೀಕ್ಷಾನ ಇರ್ತಿದ್ದಿಲ್ಲ." ಆಮೇಲೆ ಮಾವಶಿಯ ಕಡೆ ತಿರುಗಿದೆ.

"ಇರ್ಲಿ ಬಿಡ್ರಿ ಮಾವಶಿ."