ಹನ್ನೊಂದನೆಯ ಅಂಗಳ

ನಮ್ಮ ಶಾಲೆಯ ಉದ್ದನೆಯ ಪಡಸಾಲೆಯಲ್ಲಿ ಐವತ್ತು ದಾಟಿದ ಒಬ್ಬ ಮನುಷ್ಯ ಮೊಣಕಾಲೂರಿ ನಡೆದುಕೊಂಡು ಬರುತ್ತಿದ್ದ. ಎರಡೂ ಮೊಣಕಾಲಿಗೆ ಹಳೆಯ ಸೋಫಾದ ಸ್ಪಂಜು ಕತ್ತರಿಸಿ ಹಗ್ಗದಿಂದ ಬಿಗಿದಿದ್ದ. ಅವನ ಹಿಂದೆ ಆಯಾ, ಗುಮಾಸ್ತ, ಸಂಗೀತದ ಟೀಚರ್ ಮೂವರೂ ಬಗ್ಗಿ ನೆಲ ಹುಡುಕುತ್ತಿದ್ದರು. ಬೆಲೆಬಾಳುವುದೇನೋ ಕಳೆದಿರಬೇಕು ಎಂದುಕೊಂಡು ನಾನೂ ಗ್ರಂಥಾಲಯದಿಂದ ಹೊರಗೆ ಬಂದು ಬೆಂಚಿನ ಕೆಳಗೆ ಕೈಹಾಕಿದೆ.

“ಉಂಗುರಾನಾ, ಓಲೇನಾ, ಏನ್ ಬಿದ್ದಿದ್ದು ಹೇಳ್ಬಾರ್ದಾ?” ಎಂದಳು ಆಯಾ, ಸೊಂಟ ಹಿಡಿದುಕೊಂಡು.

“ನಂದೇನೂ ಬಿದ್ದಿಲ್ಲಮ್ಮಾ. ನೀವೆಲ್ಲಾ ಏನು ಹುಡುಕ್ತಿದ್ದೀರಿ?” ಎಂದ ಅವನು, ನಿಜವಾದ ಕಾಳಜಿಯಿಂದ.

ಮೂರನೆಯ ತರಗತಿಯ ಮಗುವಿನ ಎತ್ತರದಿಂದ ಶಾಲೆ ಹೇಗೆ ಕಾಣುತ್ತದೆಂದು ನೋಡಲು ಬಂದಿದ್ದನಂತೆ. ಹೇಗೆ ಕಾಣುತ್ತದೆ ಎಂದು ಕೇಳಿದೆ.

“ಗೋಡೆ ಚೆನ್ನಾಗಿ ಕಾಣುತ್ತೆ. ಬರೀ ಗೋಡೇನೇ. ಕಿಟಕಿಯೆಲ್ಲಾ ಮೇಷ್ಟ್ರುಗಳಿಗೇ ಇಟ್ಕೊಂಡಿದ್ದೀರಿ.”

ಅಂದಿನಿಂದ ಅವನು ಮಕ್ಕಳ ಬಾಯಲ್ಲಿ ಮೊಣಕಾಲು ಮಾಮ. ಒಂಬತ್ತು ವರ್ಷ ನನಗೆ ಗೆಳೆಯನಾಗಿದ್ದ. ಎರಡು ತಿಂಗಳ ಹಿಂದೆ ತೀರಿಕೊಂಡ. ಶಾಲೆಯ ವಾರ್ಷಿಕ ಸಂಚಿಕೆಗೆ ಅವನ ಬಗ್ಗೆ ಬರೆದುಕೊಡಿ ಎಂದು ಕೇಳಿದ್ದಾರೆ. ನಾನು ಓದಿರುವ ಜೀವನಚರಿತ್ರೆಗಳಲ್ಲಿ ಎಲ್ಲರೂ ತೊಟ್ಟಿಲಲ್ಲೇ ದೊಡ್ಡವರು. ನನ್ನ ಗೆಳೆಯನದು ಹಾಗಲ್ಲ. ಅವನನ್ನು ನೆನೆದು ಅಳೋಣವೆಂದು ಕೂತರೂ ಮೊದಲು ಸ್ಪಂಜು ಕಟ್ಟಿದ ಮೊಣಕಾಲೇ ಕಣ್ಣಿಗೆ ಬಂದು ನಗು ಬರುತ್ತದೆ. ಏನು ಮಾಡಲಿ.

ಶಾಲೆ, ಆಸ್ಪತ್ರೆ, ಕಚೇರಿಗಳ ಅಂಗಳಕ್ಕೆ ನಕ್ಷೆ ಬರೆಯುವುದು ಅವನ ಕಸುಬು. ಎಲ್ಲಿ ಗಿಡ, ಎಲ್ಲಿ ದಾರಿ, ಎಲ್ಲಿ ಕೂರುವ ಜಾಗ ಎಂಬುದನ್ನು ನಾವು ತೀರ್ಮಾನಿಸಬಾರದು, ನೆಲವನ್ನು ಕೇಳಬೇಕು ಎನ್ನುತ್ತಿದ್ದ. ಇದು ಅವನ ಮಟ್ಟಿಗೆ ಅಲಂಕಾರದ ಮಾತಲ್ಲ. ಮಳೆ ಬಂತೆಂದರೆ ಕೊಡೆ ಹಿಡಿದು ಅಂಗಳದ ನಡುವೆ ಸ್ಟೂಲು ಹಾಕಿಕೊಂಡು ಕೂತುಬಿಡುತ್ತಿದ್ದ, ನೀರು ಯಾವ ಕಡೆ ಹೋಗುತ್ತದೆ ನೋಡಲು. ನಮ್ಮ ಶಾಲೆಯಲ್ಲಿ ಹೀಗೆ ಎರಡು ಗಂಟೆ ಕೂತು, ಜೋರು ನೆಗಡಿ ಹಿಡಿಸಿಕೊಂಡು, ನೀರು ಪೂರ್ವದ ಮೂಲೆಗೆ ಹೋಗುತ್ತದೆಂದು ಕಂಡುಹಿಡಿದ.

“ಅದನ್ನ ನಿಮ್ಮ ಆಯಾನ ಕೇಳಿದ್ರೆ ನಿಂತಲ್ಲೇ ಹೇಳ್ತಿದ್ಲು,” ಎಂದರು ಅವನ ಹೆಂಡತಿ, ಬಿಸಿನೀರಿನ ಪಾತ್ರೆ ಮುಂದಿಡುತ್ತಾ.

ಮರುದಿನ ಆಯಾಳನ್ನು ಕೇಳಿದ. “ಪೂರ್ವಕ್ಕೇ ಅಲ್ವಾ? ಇಪ್ಪತ್ತು ವರ್ಷದಿಂದ ಅಲ್ಲೇ ಗುಡಿಸ್ತಿದ್ದೀನಿ,” ಎಂದಳು. ಆಮೇಲೆ ಎಲ್ಲಕ್ಕೂ ಮೊದಲು ಅವಳನ್ನೇ ಕೇಳುತ್ತಿದ್ದ. ಕೇಳಿಯಾದ ಮೇಲೆ ಹೋಗಿ ಮಳೆಯಲ್ಲಿ ಕೂರುತ್ತಿದ್ದ.

ನಮ್ಮದಕ್ಕಿಂತ ಮುಂಚೆ ಅವನು ಹತ್ತು ಅಂಗಳ ಮಾಡಿದ್ದ. ಹತ್ತಕ್ಕೂ ಯಾರೋ ಒಬ್ಬರು ಸಿಮೆಂಟು ಬಳಿದಿದ್ದರು. ಒಂದು ಸ್ಕೂಟರ್ ನಿಲ್ಲಿಸುವ ಜಾಗವಾಗಿತ್ತು. ಇನ್ನೊಂದರಲ್ಲಿ ಕಾರಂಜಿ ಬಂದಿತ್ತು, ಕಾರಂಜಿಗೆ ನೀರು ಬಂದಿರಲಿಲ್ಲ. ಭಾನುವಾರ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಇವನ್ನೆಲ್ಲ ನೋಡಿ ಬರುತ್ತಿದ್ದ, ಆಸ್ಪತ್ರೆಯಲ್ಲಿರುವ ನೆಂಟರನ್ನು ನೋಡಲು ಹೋಗುವವರಂತೆ.

“ನಿಮ್ಮ ಶಾಲೇದು ಹನ್ನೊಂದನೇದು,” ಎಂದ ಒಮ್ಮೆ. “ಇದೊಂದಾದ್ರೂ ಮಣ್ಣಾಗೇ ಉಳೀಬೇಕು ಕಣೋ. ಇಲ್ಲಾಂದ್ರೆ ಜೀವನಪೂರ್ತಿ ನಾನು ಸಿಮೆಂಟಿಗೆ ಜಾಗ ಹಸನು ಮಾಡಿಕೊಟ್ಟೆ ಅಂತಾಗುತ್ತೆ.”

ಉಳಿಯುವ ಲಕ್ಷಣವೇನೂ ಇರಲಿಲ್ಲ. ನಮ್ಮ ಆಡಳಿತ ಮಂಡಳಿಯ ಕಾರ್ಯದರ್ಶಿಗಳದು ಟೈಲ್ಸ್ ಅಂಗಡಿ. ಅಂಗಳಕ್ಕೆ ಬೇಕಾದಷ್ಟು ಟೈಲ್ಸನ್ನು ಅವರು ಉದಾರವಾಗಿ ದಾನ ಕೊಟ್ಟು, ಕಾಂಪೌಂಡ್ ಗೋಡೆಗೆ ಒತ್ತಿ ಪೇರಿಸಿಯೂ ಬಿಟ್ಟಿದ್ದರು. ಕೆಸರು ಕಾಲಿನ ಮಕ್ಕಳಿಗೆ ವಿದ್ಯೆ ಹತ್ತುವುದಿಲ್ಲ ಎಂಬುದು ಅವರ ಗಟ್ಟಿ ನಂಬಿಕೆ. ನಮ್ಮ ದೊಡ್ಡ ಮೇಡಂ, ಅಂದರೆ ಮುಖ್ಯೋಪಾಧ್ಯಾಯಿನಿ, ಹೇಗೋ ಅವರ ಮನವೊಲಿಸಿ ಒಂದು ಮಳೆಗಾಲದ ಅವಕಾಶ ಪಡೆದಿದ್ದರು. ಅಂಗಳದಿಂದ ಮಕ್ಕಳು ಏನಾದರೂ ಕಲಿತರೆ ಮಣ್ಣು. ಇಲ್ಲದಿದ್ದರೆ ರಜೆಯಲ್ಲಿ ಟೈಲ್ಸ್.

ಗೆಳೆಯ ಮೊದಲು ಮಾಡಿದ ಕೆಲಸ, ಬೇಕರಿಯಿಂದ ಎಂಟು ಚೀಲ ಬೂದಿ ತರಿಸಿ ಇಡೀ ಅಂಗಳಕ್ಕೆ ತೆಳ್ಳಗೆ ಹರಡಿದ್ದು. ಜನ ಎಲ್ಲಿ ನಡೆಯುತ್ತಾರೋ ಅಲ್ಲೇ ದಾರಿ ಆಗಬೇಕಂತೆ. ಮೂರು ದಿನ ಮಕ್ಕಳು ಬೂದಿ ಬಳಿದುಕೊಂಡು ಮನೆಗೆ ಹೋದರು, ಅಮ್ಮಂದಿರು ಶಾಲೆಗೆ ಬಂದು ಕೂಗಾಡಿದರು. ನಾಲ್ಕನೆಯ ದಿನ ಅವನು ಹೆಜ್ಜೆಗುರುತುಗಳನ್ನೆಲ್ಲ ಅಳೆದು, ನಕ್ಷೆ ಬರೆದು, ಸ್ಟಾಫ್‌ರೂಮಿನ ಗೋಡೆಗೆ ಅಂಟಿಸಿದ. ಯಾರೂ ಕೇಳದಿದ್ದರೂ ಪ್ರತಿ ದಾರಿಗೂ ಹೆಸರು ಕೊಟ್ಟಿದ್ದ.

ಎಲ್ಲಕ್ಕಿಂತ ದಪ್ಪನೆಯ ಗೆರೆ ಗೇಟಿನಿಂದ ನೆಟ್ಟಗೆ ಬಂದು, ಆಫೀಸು ಹತ್ತಿರವಾಗುತ್ತಿದ್ದಂತೆ ಕಾರಣವಿಲ್ಲದೆ ಎಡಕ್ಕೆ ಬಳಸಿ, ನೀರಿನ ತೊಟ್ಟಿಯ ಹಿಂದಿನಿಂದ ಹಾದು ಸ್ಟಾಫ್‌ರೂಮಿಗೆ ಬರುತ್ತಿತ್ತು. ಅದರ ಪಕ್ಕದಲ್ಲಿ ಅಚ್ಚುಕಟ್ಟಾಗಿ ಬರೆದಿದ್ದ: ‘ದೊಡ್ಡ ಮೇಡಂ ಕಿಟಕಿ ತಪ್ಪಿಸುವ ದಾರಿ. ದೊಡ್ಡವರ ಹೆಜ್ಜೆಗಳೇ ಹೆಚ್ಚು.’

ದೊಡ್ಡ ಮೇಡಂ ಕನ್ನಡಕ ಹಾಕಿಕೊಂಡು ಓದಿದರು. ಗಣಿತದ ಮೇಷ್ಟ್ರು ಗೋಡೆಯ ಕಡೆ ಮುಖ ಮಾಡಿ ಕ್ಯಾಲೆಂಡರ್ ನೋಡತೊಡಗಿದರು.

“ಇದ್ರಲ್ಲಿ ನನ್ನ ಚಪ್ಪಲಿ ಗುರುತೂ ಇರ್ಬೇಕಲ್ಲ,” ಎಂದರು ಮೇಡಂ.

“ಇದೆ ಮೇಡಂ. ಮೂರು ಸಲ,” ಎಂದ ಇವನು.

“ಕಾರ್ಯದರ್ಶಿಗಳು ಬಂದಾಗ ನಾನೂ ಆ ಕಡೆಯಿಂದಾನೇ ಹೋಗೋದು. ಅಲ್ಲೊಂದು ಬೇಲಿ ಹಾಕಿ. ಸ್ವಲ್ಪ ಎತ್ತರಕ್ಕೇ ಇರ್ಲಿ.”

ಹಾಗೆ ನಮ್ಮ ಶಾಲೆಯ ಮುಖ್ಯ ದಾರಿ ಸೊಟ್ಟಗಾಯಿತು. ಉಳಿದದ್ದು ಪೂರ್ವದ ಮೂಲೆಯ ತಗ್ಗು. ಅದನ್ನು ಮುಚ್ಚುತ್ತಾನೆಂದು ಎಲ್ಲರೂ ಕಾದರೆ ಇವನು ಇನ್ನಷ್ಟು ಅಗಲ ಮಾಡಿದ, ದಂಡೆಗೆ ಹುಲ್ಲು, ಜೊಂಡು ನೆಟ್ಟ. ಮಳೆ ಬಂತು, ನೀರು ನಿಂತಿತು, ಕಪ್ಪೆ ಬಂದವು. ಕಪ್ಪೆಗಳು ಸಂಗೀತದ ತರಗತಿಯ ಹೊತ್ತಿಗೇ ಕೂಗುತ್ತಿದ್ದವು. ಟೀಚರ್ ದೂರು ಕೊಟ್ಟರು. ಅವು ಶ್ರುತಿಯಲ್ಲೇ ಇವೆಯಲ್ಲ ಎಂದು ಇವನು ಹೇಳಿದ್ದಕ್ಕೆ ಒಂದು ವಾರ ಮಾತು ಬಿಟ್ಟರು.

ಗಣಿತದ ಮೇಷ್ಟ್ರದು ಬೇರೆ ಸಂಕಟ. ಅವರ ಲೆಕ್ಕಗಳು ಇಪ್ಪತ್ತು ವರ್ಷದಿಂದ ಅವೇ. ಅಕ್ಕಂದಿರ ಹಳೆಯ ಪುಸ್ತಕ ನೋಡಿ ತಮ್ಮಂದಿರು ಉತ್ತರ ಬರೆಯುತ್ತಿದ್ದರು. “ಈ ಹೊಂಡದ ವಿಸ್ತೀರ್ಣ ಕೇಳಿ ಸಾರ್. ಇವತ್ತಿನ ಉತ್ತರ ನಾಳೆ ತಪ್ಪು. ಯಾರ ಪುಸ್ತಕ ನೋಡಿ ಬರೀತಾರೆ?” ಎಂದ ನನ್ನ ಗೆಳೆಯ. ಮೇಷ್ಟ್ರು ಆ ರಾತ್ರಿ ನಿದ್ದೆ ಮಾಡಲಿಲ್ಲವಂತೆ, ಖುಷಿಗೆ. ಮರುದಿನದಿಂದ ಮಕ್ಕಳು ಹೊಂಡದ ಮೇಲೆ ಅಡಿಗೊಂದು ದಾರ ಅಡ್ಡ, ಅಡಿಗೊಂದು ದಾರ ಉದ್ದ ಎಳೆದು ಚೌಕಗಳನ್ನು ಎಣಿಸತೊಡಗಿದರು. ಅರ್ಧ ಚೌಕವನ್ನು ಎಣಿಸಬೇಕೋ ಬೇಡವೋ ಎಂದು ಐದನೆಯ ತರಗತಿಯಲ್ಲಿ ಹೊಡೆದಾಟವೇ ಆಯಿತು. ಗಣಿತಕ್ಕಾಗಿ ಮಕ್ಕಳು ಹೊಡೆದಾಡಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಕಾರ್ಯದರ್ಶಿಗಳು ಬಿಳಿ ಪ್ಯಾಂಟಿನಲ್ಲಿ ಪರಿಶೀಲನೆಗೆ ಬಂದರು.

“ನಿಂತು ನೋಡಿದ್ರೆ ಕೆಸರೇ ಕಾಣೋದು ಸಾರ್. ಒಂದು ಸಲ ಕೂತು ನೋಡಿ,” ಎಂದ ಇವನು, ಸ್ಪಂಜು ಬಿಚ್ಚಿಕೊಡುತ್ತಾ.

“ಏನ್ರೀ ಹುಡುಗಾಟ ಇದು?” ಎನ್ನುತ್ತಲೇ ಅವರು ಮೊಣಕಾಲೂರಿದರು. ಊರಿದ್ದು ಊರಿದ್ದೇ. ಎಡಗಾಲು ಹಿಡಿದುಕೊಂಡು ಏಳಲಾಗಲಿಲ್ಲ. ಎತ್ತಲು ಇಬ್ಬರು ಗಂಡಸರನ್ನು ಕರೆತರಲು ನಾನು ಓಡಿದೆ. ಅಷ್ಟರಲ್ಲಿ ನಾಲ್ಕನೆಯ ತರಗತಿ ದಾರದುಂಡೆ ಹಿಡಿದು ಬಂದಿತ್ತು. ಎರಡು ಜಡೆಯ ಒಬ್ಬಳು, ಯಾರೋ ಸಹಾಯಕ್ಕೇ ಕೂತಿದ್ದಾರೆಂದುಕೊಂಡು, ದಾರದ ತುದಿಯನ್ನು ಅವರ ಕೈಗೆ ಕೊಟ್ಟಳು.

“ಗಟ್ಟಿಯಾಗಿ ಹಿಡ್ಕೊಳ್ಳಿ ಅಂಕಲ್. ಅಲ್ಲಾಡ್ಬೇಡಿ.”

“ನಾನು ಯಾರು ಗೊತ್ತೇನಮ್ಮಾ?”

“ಅಲ್ಲಾಡ್ತಿದ್ದೀರಿ!”

ನಾನು ಆಳುಗಳೊಂದಿಗೆ ಬಂದಾಗ ಕಾರ್ಯದರ್ಶಿಗಳು ಎರಡೂ ಕೈಯಲ್ಲಿ ದಾರ ಹಿಡಿದು ಗೂಟದಂತೆ ಕೂತಿದ್ದರು. ಪ್ಯಾಂಟು ತೊಡೆಯವರೆಗೂ ಕೆಸರು. ಎತ್ತಲು ಹೋದರೆ ಗದರಿದರು: “ಇರ್ರೀ! ಇನ್ನೂ ಹದಿನೆಂಟು ಚೌಕ ಇದೆ.”

ಆ ಮಧ್ಯಾಹ್ನ ಅವರು ಒಂದೇ ಒಂದು ವರ್ಷದ ಅನುಮತಿ ಕೊಟ್ಟರು. ಅದಕ್ಕಿಂತ ಹೆಚ್ಚು ಕೊಡಲಿಲ್ಲ. ಟೈಲ್ಸ್ ಅಂಗಡಿಯವರಿಗೆ ಅದೇ ದೊಡ್ಡದು. ಮುಂದಿನ ವರ್ಷ ಮತ್ತೊಂದು ವರ್ಷ. ಹೀಗೆ ಪ್ರತಿ ವರ್ಷ ಗೆಳೆಯ ಸಭೆಗೆ ಹೋಗಿ, ವಾದ ಮಾಡಿ, ಒಂದು ವರ್ಷ ಗಿಟ್ಟಿಸಿಕೊಂಡು ಬಂದು, ಗ್ರಂಥಾಲಯದಲ್ಲಿ ನನ್ನ ಎದುರು ಕೂತು ಉಸ್ಸೆನ್ನುತ್ತಿದ್ದ.

ಈ ವರ್ಷದ ಸಭೆಗೆ ಮುಂಚೆ ಅವನ ಹೃದಯ ಕೈಕೊಟ್ಟಿತು. ನೋಡಲು ಹೋದೆ. ಹಾಸಿಗೆಯಲ್ಲಿ ಮಲಗಿದವರಿಗೆ ಕಾಣದಷ್ಟು ಎತ್ತರದಲ್ಲಿ ಕಿಟಕಿ ಇಟ್ಟಿದ್ದಾರೆಂದು ನರ್ಸಿಗೆ ಪಾಠ ಹೇಳುತ್ತಿದ್ದ. “ನೀವು ಮಲಗಿದ್ರೆ ಸಾಕು ಅಂತ ಇಟ್ಟಿರೋದು,” ಎಂದು ಅವಳು ಸೂಜಿ ಚುಚ್ಚಿ ಹೋದಳು.

“ಈ ವರ್ಷದ್ದು ಆಯ್ತೇನೋ?” ಎಂದು ಕೇಳಿದ.

“ಬರೋ ತಿಂಗಳು ಸಭೆ.”

“ನಾನು ಇಲ್ಲದಿದ್ರೆ ನೀನು ಮಾತಾಡು. ಅಷ್ಟು ಪುಸ್ತಕ ಓದಿದ್ದೀಯ.”

ಸಭೆಗೆ ಅವನು ಇರಲಿಲ್ಲ. ಅವನ ಹೆಂಡತಿಯನ್ನು, ನಮ್ಮ ಅತ್ತಿಗೆಯನ್ನು, ಗೌರವದಿಂದ ಕರೆಸಿ ಮೊದಲ ಸಾಲಿನಲ್ಲಿ ಕೂರಿಸಿದ್ದರು. ಕಾರ್ಯದರ್ಶಿಗಳು ಎದ್ದು ನಿಂತು, ಕರ್ಚೀಫಿನಿಂದ ಕಣ್ಣೊರೆಸಿಕೊಂಡು, ಒಂದು ಕಾಗದ ಬಿಚ್ಚಿದರು. ಗೆಳೆಯನ ನೆನಪಿಗೆ ಅಂಗಳದಲ್ಲಿ ಸಿಮೆಂಟಿನ ಕಟ್ಟೆ, ಅದರ ಮೇಲೆ ಅವನ ಎದೆಮಟ್ಟದ ಮೂರ್ತಿ, ಸುತ್ತ ತಮ್ಮ ಅಂಗಡಿಯ ಅತ್ಯುತ್ತಮ ಟೈಲ್ಸ್. ಜಾಗ, ಪೂರ್ವದ ಮೂಲೆಯ ತಗ್ಗು. ಏಕೆಂದರೆ ಅಲ್ಲಿ ಏನೂ ಇಲ್ಲವಲ್ಲ. ಆಮಂತ್ರಣ ಪತ್ರಿಕೆಯೂ ಅಚ್ಚಾಗಿತ್ತು.

ಎಲ್ಲರೂ ಚಪ್ಪಾಳೆ ತಟ್ಟಿದರು. ಗಣಿತದ ಮೇಷ್ಟ್ರು ಕೂಡ ಅಳುತ್ತಾ ತಟ್ಟಿದರು. ನಾನು ಮಾತಾಡಲು ಎದ್ದು ನಿಂತೆ. ಒಂದು ಪದ ಹೊರಡಲಿಲ್ಲ. ಸಂತೋಷಕ್ಕೆ ಮಾತು ಬರುತ್ತಿಲ್ಲ ಎಂದುಕೊಂಡು ಎಲ್ಲರೂ ನನಗೂ ಒಮ್ಮೆ ಚಪ್ಪಾಳೆ ತಟ್ಟಿದರು. ಕೂತುಬಿಟ್ಟೆ.

ಆಗ ಅತ್ತಿಗೆ ಕೂತಲ್ಲಿಂದಲೇ ಹೇಳಿದರು: “ಹತ್ತು ಕಡೆ ಸಿಮೆಂಟ್ ಹಾಕಿದವ್ರು ಇವರಿಗೆ ಯಾರೂ ಅಲ್ಲ. ಅವರನ್ನ ಬೈಕೊಂಡು ಊಟ ಮಾಡಿ ಮಲಗ್ತಿದ್ರು. ನೀವು ಸ್ನೇಹಿತರು. ನೀವೇ ಹಾಕಿದ್ರೆ ಯಾರನ್ನ ಬೈಬೇಕು?”

ಕಾರ್ಯದರ್ಶಿಗಳು ಕಾಗದವನ್ನು ಮಡಿಸಿದರು. ಮತ್ತೆ ಬಿಚ್ಚಿದರು. “ಹಾಗಾದ್ರೆ ಏನು ಕಟ್ಟೋಣ ಅಕ್ಕಾ?”

“ಏನೂ ಕಟ್ಬೇಡಿ. ಕಟ್ಟಲ್ಲ ಅಂತ ಬರ್ಕೊಡಿ.”

ಗುಮಾಸ್ತ ಪೆನ್ನು ತೆಗೆದ. ‘ಸದರಿ ಅಂಗಳದಲ್ಲಿ ಏನನ್ನೂ ಕಟ್ಟತಕ್ಕದ್ದಲ್ಲ’ ಎಂದು ಬರೆದು, ಪೆನ್ನು ಎತ್ತಿಹಿಡಿದು ನಿಂತ. “ಎಲ್ಲೀವರೆಗೆ ಅಂತ ಹಾಕ್ಬೇಕಲ್ಲ ಸಾರ್. ಪ್ರತಿ ವರ್ಷ ಒಂದು ವರ್ಷ ಅಂತ ಹಾಕೋದು.”

ಎಲ್ಲರೂ ಅತ್ತಿಗೆಯ ಕಡೆ ನೋಡಿದರು.

“ಅವರು ವಾಪಸ್ ಬರೋವರೆಗೂ ಅಂತ ಹಾಕಿ,” ಎಂದರು.

ಗುಮಾಸ್ತ ಕಾರ್ಯದರ್ಶಿಗಳ ಮುಖ ನೋಡಿದ. “ಹಾಕಯ್ಯಾ,” ಎಂದರು ಅವರು, ಕರ್ಚೀಫಿನೊಳಗಿಂದ. ನಿರ್ಣಯ ಹಾಗೆಯೇ ಇದೆ. ನಾನು ಒಂದು ಪ್ರತಿಯನ್ನು ಗ್ರಂಥಾಲಯದಲ್ಲಿ ಇಟ್ಟಿದ್ದೇನೆ.

ಆಮಂತ್ರಣ ಪತ್ರಿಕೆ ಹಂಚಿಯಾಗಿತ್ತು, ಆದ್ದರಿಂದ ಸಮಾರಂಭ ನಿಲ್ಲಿಸಲಾಗಲಿಲ್ಲ. ಹೋದ ವಾರ, ಎರಡು ಕುರ್ಚಿಗಳ ನಡುವೆ ರಿಬ್ಬನ್ ಕಟ್ಟಿ, ಮುಖ್ಯ ಅತಿಥಿಗಳಾಗಿ ಬಂದ ನಿವೃತ್ತ ನ್ಯಾಯಾಧೀಶರ ಕೈಗೆ ಕತ್ತರಿ ಕೊಟ್ಟರು. ಅವರು ಕತ್ತರಿಸಿದರು. ಆಮೇಲೆ ಹುಲ್ಲು, ಜೊಂಡು, ಕೆಸರು ನೀರು ಎಲ್ಲವನ್ನೂ ನೋಡಿ, ಕಾರ್ಯದರ್ಶಿಗಳ ಕಿವಿಯಲ್ಲಿ, ಆದರೆ ಮೈಕಿನ ಮುಂದೆಯೇ, “ಎಲ್ರೀ ಸ್ಮಾರಕ?” ಎಂದು ಕೇಳಿದರು.

“ಇದೇ ಸಾರ್.”

“ಯಾವುದು?”

“ಇದೇ, ಈ ಕಟ್ಟದೇ ಇರೋದು.”

ನ್ಯಾಯಾಧೀಶರು ಕತ್ತರಿ ವಾಪಸ್ ಕೊಟ್ಟು, ಬಹಳ ಚೆನ್ನಾಗಿ ಬಂದಿದೆ ಎಂದರು.

ನನಗೆ ತಡೆಯಲಾರದಷ್ಟು ನಗು ಬಂತು. ಕೇಳಿದೆಯೇನೋ ಎಂದು ಗೆಳೆಯನಿಗೆ ಹೇಳಲು ಪಕ್ಕಕ್ಕೆ ತಿರುಗಿದೆ. ಪಕ್ಕದಲ್ಲಿ ಗಣಿತದ ಮೇಷ್ಟ್ರು ನಿಂತಿದ್ದರು. ಅವರಿಗೆ ಕಿವಿ ಸ್ವಲ್ಪ ಮಂದ. ಅದಕ್ಕೆ ಮೊದಲಿನಿಂದ, ನಿಧಾನವಾಗಿ, ಎಲ್ಲವನ್ನೂ ಅವರಿಗೇ ಹೇಳಿದೆ.